ದಮ್ ಹತ್ತಿದವರಿಗೆಲ್ಲ ನೆಬುಲೈಸರ್ ಬೇಕಾ?

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ತೊಗರಿ ರಾಶಿಯ ಕಾಲ. ಕಣದ ದೂಳು, ಬೆಳಗಿನ ಚಳಿ, ಒಲೆಯ ಹೊಗೆ ಮೂರೂ ಒಟ್ಟಿಗೆ ಬರುತ್ತವೆ. ಎದೆ ರೋಗ ಇರುವವರಿಗೆ ಇದು ಕಷ್ಟದ ಕಾಲ. ಕಲಬುರಗಿ, ಬೀದರ್, ಯಾದಗಿರಿಯ ದವಾಖಾನೆಗಳ ವಾರ್ಡುಗಳಲ್ಲಿ ಆಗ ನೆಬುಲೈಸರ್ ಮಷೀನಿನ ಸದ್ದು ನಿಲ್ಲುವುದೇ ಇಲ್ಲ. ಪಕ್ಕದಲ್ಲಿ ಕೂತವರು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಸಿಸ್ಟರ್, ಅಪ್ಪಗ ದಮ್ ಹತ್ಯಾದ್ರಿ, ಜಲ್ದಿ ಮಷೀನ್ ಹಚ್ರಿ."

ಆ ಆತಂಕ ಅರ್ಥವಾಗುವಂಥದ್ದು. ತಮ್ಮವರು ಉಸಿರಿಗೆ ಒದ್ದಾಡುವಾಗ ಸುಮ್ನೆ ನೋಡುತ್ತ ಕೂರಲು ಯಾರಿಗಾದರೂ ಆಗುತ್ತದೆಯೇ? ಮಾಸ್ಕಿನಿಂದ ಬಿಳಿ ಮಂಜು ಬರತೊಡಗಿದರೆ ಮನೆಯವರಿಗೂ ಜೀವ ಬಂದಂತಾಗುತ್ತದೆ. ಆದರೆ ಆ ಮಂಜಿನೊಳಗೆ ಸಾಮಾನ್ಯವಾಗಿ ಇರುವ ಔಷಧಕ್ಕೆ ಗೊತ್ತಿರುವ ಕೆಲಸ ಒಂದೇ. ಬಿಗಿದುಕೊಂಡ ಶ್ವಾಸನಾಳವನ್ನು ಅದು ಸಡಿಲಿಸುತ್ತದೆ. ದಮ್ಮಿಗೆ ಕಾರಣ ಬೇರೆಯಾಗಿದ್ದರೆ ಎಷ್ಟು ಸಲ ಮಷೀನ್ ಹಚ್ಚಿದರೂ ಮೂಲ ತೊಂದರೆ ಹಾಗೇ ಉಳಿಯುತ್ತದೆ. ಮೇಲೆ ಎದೆಬಡಿತ, ಕೈನಡುಕ ಬರುತ್ತವೆ. ಸರಿಯಾದ ಚಿಕಿತ್ಸೆಗೆ ಸಿಗಬೇಕಾದ ಸಮಯವೂ ಹೋಗುತ್ತದೆ.

ರೋಗಿಯ ಪಕ್ಕ ರಾತ್ರಿಯಿಡೀ ಕೂರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳಿಗೆ, ಕಿರಿಯ ವೈದ್ಯರಿಗೂ ಉಪಯೋಗವಾದೀತು. ಇಲ್ಲಿ ಬರುವ ಡೋಸುಗಳು ತಿಳಿವಳಿಕೆಗೆ ಮಾತ್ರ. ನಿಮ್ಮವರಿಗೆ ಎಷ್ಟು ಬೇಕು ಅನ್ನುವುದನ್ನು ಅವರನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಮಂಜಿನೊಳಗೆ ಏನಿದೆ

ಶ್ವಾಸನಾಳ ಒಂದೇ ಕೊಳವೆಯಾಗಿ ಉಳಿಯುವುದಿಲ್ಲ. ಒಳಗೆ ಹೋದಂತೆಲ್ಲ ಕವಲೊಡೆದು ಸಾವಿರಾರು ಸಣ್ಣ ಕೊಳವೆಗಳಾಗುತ್ತದೆ. ಅವುಗಳ ಸುತ್ತ ತೆಳುವಾದ ಸ್ನಾಯು ಸುತ್ತಿಕೊಂಡಿರುತ್ತದೆ. ತೊಗರಿ ಚೀಲದ ಬಾಯಿಗೆ ಬಿಗಿದ ಹುರಿ ಅಂದುಕೊಳ್ಳಿ. ಹುರಿ ಸಡಿಲಿಸಿದರೆ ಬಾಯಿ ಅಗಲವಾಗಿ ಕಾಳು ಸುರಿಯುತ್ತದೆ. ಆದರೆ ಒಳಗಿನ ಕಾಳೇ ನೆಂದು ಗಟ್ಟಿಯಾಗಿದ್ದರೆ ಹುರಿ ಬಿಚ್ಚಿ ಏನು ಪ್ರಯೋಜನ?

ಈ ಸ್ನಾಯುವನ್ನು ಸಡಿಲಿಸುವ ಔಷಧಗಳಿಗೆ ಬ್ರಾಂಕೋಡೈಲೇಟರ್ ಎಂದು ಹೆಸರು. ದವಾಖಾನೆಯಲ್ಲಿ ಹೆಚ್ಚಾಗಿ ಕಾಣುವುದು ಸಾಲ್ಬ್ಯುಟಮಾಲ್. ಅಸ್ಥಾಲಿನ್ ಎಂಬ ಹೆಸರಿನಲ್ಲಿ ಅದು ಹಳ್ಳಿಹಳ್ಳಿಗೂ ಗೊತ್ತು. ಸ್ನಾಯುವಿನ ಮೇಲಿರುವ ಬೀಟಾ-2 ಎಂಬ ಗ್ರಾಹಿಗಳನ್ನು ಅದು ಚುರುಕು ಮಾಡುತ್ತದೆ. ಐದು ನಿಮಿಷದೊಳಗೆ ಕೆಲಸ ಶುರುವಾಗುತ್ತದೆ, ನಾಲ್ಕರಿಂದ ಆರು ತಾಸು ಇರುತ್ತದೆ. ಇನ್ನೊಂದು ಇಪ್ರಾಟ್ರೋಪಿಯಂ. ಸ್ನಾಯುವನ್ನು ಬಿಗಿಯುವಂತೆ ನರದಿಂದ ಬರುವ ಸೂಚನೆಯನ್ನು ಇದು ತಡೆಯುತ್ತದೆ. ಸ್ವಲ್ಪ ನಿಧಾನ, ಹದಿನೈದು ನಿಮಿಷ ಬೇಕು. ಡುವೋಲಿನ್ ಎಂದು ಬರುವ ಔಷಧದಲ್ಲಿ ಎರಡೂ ಗುಂಪು ಸೇರಿವೆ: ಲೆವೊಸಾಲ್ಬ್ಯುಟಮಾಲ್ ಮತ್ತು ಇಪ್ರಾಟ್ರೋಪಿಯಂ.

ಸಾಲ್ಬ್ಯುಟಮಾಲ್ ಬಳಕೆಗೆ ಬಂದದ್ದು 1969ರಲ್ಲಿ, ಬ್ರಿಟನ್ನಿನಲ್ಲಿ. ಅದಕ್ಕೂ ಮೊದಲಿದ್ದ ಐಸೊಪ್ರಿನಾಲಿನ್ ಶ್ವಾಸನಾಳದಷ್ಟೇ ಹೃದಯವನ್ನೂ ಕೆಣಕುತ್ತಿತ್ತು. ಶ್ವಾಸನಾಳವನ್ನೇ ಹೆಚ್ಚಾಗಿ ಹುಡುಕಿ ಕೆಲಸ ಮಾಡುವ ಔಷಧ ಸಿಕ್ಕಿದ್ದು ದೊಡ್ಡ ಗೆಲುವು. ಆದರೂ ಹೆಚ್ಚಾಗಿ ಅಂದರೆ ಪೂರ್ತಿಯಾಗಿ ಎಂದಲ್ಲ. ಡೋಸ್ ಏರಿದಂತೆ ಇದೂ ಹೃದಯವನ್ನು ತಟ್ಟುತ್ತದೆ.

ಯಾರ ದಮ್ಮು ಇದಕ್ಕೆ ಬಗ್ಗುತ್ತದೆ

ಅಸ್ತಮಾ, ಅಂದರೆ ನಮ್ಮ ಕಡೆ ಗೂರಲು ಎನ್ನುವ ಕಾಯಿಲೆಯಲ್ಲಿ ಈ ಔಷಧಕ್ಕೆ ಮೊದಲ ಜಾಗ. ಅಲ್ಲಿ ಸ್ನಾಯು ಬಿಗಿಯುವುದು ಖರೆ, ಬಿಡಿಸಿದರೆ ಬಿಡುವುದೂ ಖರೆ. ಆಮೇಲೆ ಸಿಒಪಿಡಿ. ವರ್ಷಗಟ್ಟಲೆ ಹೊಗೆ, ದೂಳು ಒಳಗೆ ಹೋಗಿ ಶ್ವಾಸನಾಳ ಕಿರಿದಾಗಿಯೇ ಉಳಿಯುವ ರೋಗ ಇದು. ಬೀಡಿ ಸೇದುವವರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ಒಲೆಯ ಮುಂದೆ ಜೀವನ ಕಳೆದ ಅವ್ವಂದಿರಿಗೂ ಬರುತ್ತದೆ. ಅವರು ಒಂದು ಬೀಡಿಯನ್ನೂ ಮುಟ್ಟಿರುವುದಿಲ್ಲ. ಹಾಗಾಗಿ ವೈದ್ಯರು "ಬೀಡಿ ಸೇದ್ತೀರಾ" ಎಂದಷ್ಟೇ ಕೇಳಿದರೆ, ಒಲೆಯ ವಿಷಯ ನೀವೇ ಹೇಳಿ. ಭಾರತದಲ್ಲಿ 2016ರ ಹೊತ್ತಿಗೆ ಸುಮಾರು ಐದೂವರೆ ಕೋಟಿ ಜನಕ್ಕೆ ಸಿಒಪಿಡಿ ಇತ್ತು ಎಂಬ ಅಂದಾಜಿದೆ. 1990ರಲ್ಲಿ ಅದು ಮೂರು ಕೋಟಿಯೂ ಇರಲಿಲ್ಲ.

ಸಿಒಪಿಡಿಯಲ್ಲಿ ಔಷಧದಿಂದ ನಾಳ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಆದರೆ ಸ್ವಲ್ಪ ಸಡಿಲವಾದರೂ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ, ಎದೆ ಹಗುರಾಗುತ್ತದೆ. ಆ ಸ್ವಲ್ಪಕ್ಕೆ ತುಂಬ ಬೆಲೆ ಇದೆ.

ಇನ್ನು ಬಗ್ಗದ ದಮ್ಮುಗಳು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತಪ್ಪು ಹೆಚ್ಚು ಆಗುವುದು ಇಲ್ಲೇ.

ನ್ಯುಮೋನಿಯಾದಲ್ಲಿ ತೊಂದರೆ ಇರುವುದು ನಾಳದ ಕೊನೆಯ ಗಾಳಿಚೀಲಗಳಲ್ಲಿ. ಅಲ್ಲಿ ಕೀವು, ದ್ರವ ತುಂಬಿರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಮತ್ತು ಆಮ್ಲಜನಕ ಬೇಕು. ಮೊದಲೇ ಅಸ್ತಮಾ ಅಥವಾ ಸಿಒಪಿಡಿ ಇರುವವರಿಗೆ ನ್ಯುಮೋನಿಯಾ ಬಂದು, ಎದೆಯಲ್ಲಿ ಸುಂಯ್ ಸುಂಯ್ ಸದ್ದೂ ಇದ್ದರೆ ಮಾತ್ರ ನೆಬುಲೈಸರಿಗೆ ಅರ್ಥ. ಪಕ್ಕೆಯಲ್ಲಿ ನೀರು ತುಂಬಿದ್ದರೆ ನೀರು ತೆಗೆಯಬೇಕು. ಶ್ವಾಸಕೋಶದ ಹೊರಗೆ ಗಾಳಿ ಸೋರಿ ಶ್ವಾಸಕೋಶ ಕುಸಿದಿದ್ದರೆ ಕೊಳವೆ ಹಾಕಿ ಆ ಗಾಳಿ ತೆಗೆಯಬೇಕಾಗಬಹುದು. ಇವಕ್ಕೆಲ್ಲ ನೆಬುಲೈಸರ್ ಉತ್ತರವಲ್ಲ.

ಶಹಾಬಾದ್, ಚಿತ್ತಾಪುರ, ಸೇಡಂ ಭಾಗದಲ್ಲಿ ಕಲ್ಲುಗಣಿ, ಸಿಮೆಂಟ್ ಕೆಲಸ ಮಾಡಿದವರು ಬಹಳ ಜನ. ಕಲ್ಲಿನ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್‌ನಲ್ಲಿ ಶ್ವಾಸಕೋಶವೇ ಗಾಯಗೊಂಡು ಗಟ್ಟಿಯಾಗುತ್ತದೆ. ಗಟ್ಟಿಯಾದ ಶ್ವಾಸಕೋಶವನ್ನು ಯಾವ ಮಂಜೂ ಮೆತ್ತಗೆ ಮಾಡುವುದಿಲ್ಲ. ಆದರೆ ಅಂಥ ಕೆಲವರಲ್ಲಿ ದೂಳಿನಿಂದ ನಾಳವೂ ಕಿರಿದಾಗಿರುತ್ತದೆ. ಹಳೆಯ ಟಿಬಿ ವಾಸಿಯಾದವರಲ್ಲೂ ಹೀಗೇ: ಕೆಲವರಲ್ಲಿ ಬರೀ ಗಾಯದ ಗುರುತು ಉಳಿದಿರುತ್ತದೆ, ಕೆಲವರಲ್ಲಿ ನಾಳಗಳೂ ಕಿರಿದಾಗಿರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲರಿಗೂ ಒಂದೇ ದಮ್ಮು. ಬೇರ್ಪಡಿಸಲು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಬೇಕು. ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಹೊರಬಂದದ್ದು ಎಷ್ಟು ಎಂದು ಅದು ಅಳೆಯುತ್ತದೆ. ಔಷಧ ಕೊಟ್ಟ ನಂತರವೂ ಆ ಪಾಲು ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ನಾಳದಲ್ಲಿ ಅಡಚಣೆ ಉಳಿದಿದೆ ಎಂದರ್ಥ. ತೀರಾ ದಮ್ಮಿರುವಾಗ ಈ ಪರೀಕ್ಷೆ ಆಗುವುದಿಲ್ಲ. ಸುಧಾರಿಸಿದ ಮೇಲೆ ಮಾಡಿಸಬೇಕು. ಈಗ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ವರ್ಷಗಟ್ಟಲೆ ಪಂಪು, ಅಂದರೆ ಇನ್ಹೇಲರ್ ಸೇದುತ್ತಿದ್ದರೂ ಒಮ್ಮೆಯೂ ಊದಿ ನೋಡದವರು ಈ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮೋಸ ಮಾಡುವುದು ಹೃದಯ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಕಟ್ಟಿದಾಗಲೂ ಎದೆಯಲ್ಲಿ ಸುಂಯ್ ಸದ್ದು ಬರಬಹುದು. ರಾತ್ರಿ ಮಲಗಿದರೆ ದಮ್ಮು, ಎದ್ದು ಕೂತರೆ ಆರಾಮ, ಕಾಲಲ್ಲಿ ಬಾವು, ನೊರೆ ನೊರೆ ಕಫ ಇದ್ದರೆ ಹೃದಯದ ಕಡೆ ನೋಡಬೇಕು. ಅಲ್ಲಿ ಬೇಕಾದದ್ದು ಮೂತ್ರ ಹೆಚ್ಚಿಸುವ ಇಂಜೆಕ್ಷನ್, ಆಮ್ಲಜನಕ, ಇಸಿಜಿ. ಮೊದಲೇ ದಣಿದ ಹೃದಯದ ಬಡಿತವನ್ನು ಸಾಲ್ಬ್ಯುಟಮಾಲ್ ಇನ್ನಷ್ಟು ಏರಿಸುತ್ತದೆ.

ಹಸುಗೂಸುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ವೈರಸ್‌ನಿಂದ ಬರುವ ಬ್ರಾಂಕಿಯೊಲೈಟಿಸ್‌ನಲ್ಲಿ ಕೂಸಿನ ಎದೆ ಸುಂಯ್‌ಗುಡುತ್ತದೆ. ಅಲ್ಲಿ ನಾಳ ಊದಿಕೊಂಡು ಸಿಂಬಳ ಕಟ್ಟಿರುತ್ತದೆ. ಸಾಲ್ಬ್ಯುಟಮಾಲ್ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ. ಮೂಗು ಸ್ವಚ್ಛ ಮಾಡುವುದು, ಹಾಲು ನೀರು ಹೋಗುವಂತೆ ನೋಡಿಕೊಳ್ಳುವುದು, ಬೇಕಾದರೆ ಆಮ್ಲಜನಕ ಕೊಡುವುದು ಅಲ್ಲಿಯ ಚಿಕಿತ್ಸೆ.

"ಕೊಟ್ರೆ ಏನು ಹೋಗ್ತದ, ಉಪಯೋಗ ಆದ್ರ ಆಗಲಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಐಸಿಯುನಲ್ಲಿ ಶ್ವಾಸಕೋಶ ಪೂರ್ತಿ ಕೆಟ್ಟ ಎಆರ್‌ಡಿಎಸ್ ರೋಗಿಗಳಿಗೆ ರಕ್ತನಾಳದ ಮೂಲಕ ಸಾಲ್ಬ್ಯುಟಮಾಲ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ 28 ದಿನದೊಳಗೆ ಶೇ 34 ಜನ ತೀರಿಕೊಂಡರು. ಪಡೆಯದವರಲ್ಲಿ ಶೇ 23. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ನೆಬುಲೈಸರಿನಲ್ಲಿ ಕೊಡುವ ಡೋಸ್ ಅಷ್ಟು ಕಠಿಣವಲ್ಲ, ನಿಜ. ಆದರೆ ಬೇಡದ ಕಡೆ ಕೊಟ್ಟ ಔಷಧ ಸುಮ್ಮನೆ ಇರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಅನುಮಾನ ಇದ್ದಾಗ ಏನು ಮಾಡಬೇಕು? ಒಂದು ಡೋಸ್ ಕೊಟ್ಟು ನೋಡಬಹುದು. ಅದರಲ್ಲಿ ತಪ್ಪಿಲ್ಲ. ಆದರೆ ಕೊಡುವ ಮೊದಲು ಉಸಿರಿನ ವೇಗ, ನಾಡಿ, ಬೆರಳಿನ ಆಕ್ಸಿಮೀಟರ್ ಅಂಕಿ ಬರೆದುಕೊಳ್ಳಬೇಕು, ಎದೆಗೆ ಸ್ಟೆತಸ್ಕೋಪ್ ಇಡಬೇಕು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡಬೇಕು. ಬದಲಾವಣೆ ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ಬೇರೆ ಕಾರಣ ಹುಡುಕಿ. "ಆರು ತಾಸಿಗೊಮ್ಮೆ" ಎಂದು ಒಮ್ಮೆ ಚೀಟಿಯಲ್ಲಿ ಬರೆದದ್ದು ಡಿಸ್‌ಚಾರ್ಜ್ ತನಕ ಯಾರೂ ತಿರುಗಿ ನೋಡದೆ ನಡೆಯುತ್ತದಲ್ಲ, ಅದೇ ನನಗೆ ಬಹಳ ಬೇಸರ ತರಿಸುವ ವಿಷಯ.

ಅಸ್ತಮಾದ ಮೊದಲ ತಾಸು

ಬೇಕಾದವರಿಗೆ ಕಡಿಮೆ ಕೊಡುವುದೂ ಅಷ್ಟೇ ದೊಡ್ಡ ತಪ್ಪು. ಜೋರು ಅಸ್ತಮಾ ಬಂದವರು ಒಂದು ಪೂರ್ತಿ ವಾಕ್ಯ ಹೇಳಲಾರರು. ಎರಡು ಮಾತಿಗೊಮ್ಮೆ ಉಸಿರು ತೆಗೆಯುತ್ತಾರೆ. ನಾಡಿ 120 ದಾಟಿರುತ್ತದೆ. ಅಂಥವರಿಗೆ ಒಂದು ಸಲ ಮಷೀನ್ ಹಚ್ಚಿ ಆರು ತಾಸು ಕಾಯುವುದು ಅಪಾಯ. ಮೊದಲ ತಾಸಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಸಾಲ್ಬ್ಯುಟಮಾಲ್ ಕೊಡುತ್ತಾರೆ. ನೆಬುಲೈಸರಿನಲ್ಲಾದರೆ ದೊಡ್ಡವರಿಗೆ ಒಂದು ಸಲಕ್ಕೆ 2.5ರಿಂದ 5 ಮಿಲಿಗ್ರಾಂ, ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಹಚ್ಚಿದ ಪಂಪಿನಲ್ಲಾದರೆ 4ರಿಂದ 10 ಪಫ್. ತೀವ್ರವಾಗಿದ್ದರೆ ಇಪ್ರಾಟ್ರೋಪಿಯಂ 500 ಮೈಕ್ರೋಗ್ರಾಂ ಸೇರಿಸುತ್ತಾರೆ.

ಜೊತೆಗೆ ಮೊದಲ ತಾಸಿನಲ್ಲೇ ಸ್ಟೆರಾಯ್ಡ್ ಕೊಡಬೇಕು. ಅಸ್ತಮಾದ ಬೇರು ನಾಳದೊಳಗಿನ ಊತ. ಬ್ರಾಂಕೋಡೈಲೇಟರ್ ಆ ಊತವನ್ನು ಮುಟ್ಟುವುದಿಲ್ಲ. ಸ್ಟೆರಾಯ್ಡ್ ಮುಟ್ಟುತ್ತದೆ, ಆದರೆ ಅದಕ್ಕೆ ಕೆಲವು ತಾಸು ಬೇಕು. ಆ ತಾಸುಗಳನ್ನು ದಾಟಿಸುವುದೇ ನೆಬುಲೈಸರಿನ ಕೆಲಸ. ಸ್ಟೆರಾಯ್ಡ್ ತಡವಾದಷ್ಟೂ ನೆಬುಲೈಸರಿನ ಮೇಲಿನ ಅವಲಂಬನೆ ಉದ್ದವಾಗುತ್ತದೆ.

ಮನೆಯವರು ಗಮನಿಸಬೇಕಾದ ಒಂದು ಲಕ್ಷಣ ಇದೆ. ಸುಂಯ್ ಸದ್ದು ನಿಂತಿತು ಎಂದು ಖುಷಿಪಡುವ ಮೊದಲು ರೋಗಿಯ ಮುಖ ನೋಡಿ. ಮಾತಾಡುತ್ತ ಆರಾಮಾಗಿದ್ದರೆ ಒಳ್ಳೆಯದು. ಬೆವತು, ಸುಸ್ತಾಗಿ, ಕಣ್ಣು ಮುಚ್ಚುತ್ತ ಸದ್ದೂ ನಿಂತಿದ್ದರೆ ಗಾಳಿಯೇ ಆಡುತ್ತಿಲ್ಲ ಎಂದರ್ಥ. ಆ ಕ್ಷಣವೇ ಸಿಸ್ಟರನ್ನು ಕೂಗಿ.

ಸಿಒಪಿಡಿ ಮತ್ತು ಆಮ್ಲಜನಕದ ಪೈಪು

ನೆಬುಲೈಸರ್ ಎರಡು ರೀತಿ ನಡೆಯುತ್ತದೆ. ಒಂದು ಕರೆಂಟಿನ ಮಷೀನು, ಅದು ಸಾದಾ ಗಾಳಿಯನ್ನೇ ತಳ್ಳುತ್ತದೆ. ಇನ್ನೊಂದು ಗೋಡೆಯ ಆಮ್ಲಜನಕದ ಪೈಪು ಅಥವಾ ಸಿಲಿಂಡರ್, ನಿಮಿಷಕ್ಕೆ 6ರಿಂದ 8 ಲೀಟರ್. ದವಾಖಾನೆಯಲ್ಲಿ ಎರಡನೆಯದು ಸುಲಭ. ಅಸ್ತಮಾ ರೋಗಿಗೆ ಅದು ಒಳ್ಳೆಯದೂ ಹೌದು. ಆದರೆ ಬಹಳ ಮುಂದುವರಿದ ಸಿಒಪಿಡಿ ಇರುವ ಕೆಲವರಿಗೆ ಇದೇ ಅಪಾಯ.

ಅಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಏರಿರುತ್ತದೆ. ಶ್ವಾಸಕೋಶದ ಕೆಟ್ಟ ಭಾಗಗಳಿಗೆ ರಕ್ತ ಹೋಗದಂತೆ ದೇಹ ತಾನೇ ತಡೆ ಹಾಕಿಕೊಂಡಿರುತ್ತದೆ. ಆಮ್ಲಜನಕ ಅತಿಯಾಗಿ ಸುರಿದರೆ ಆ ತಡೆ ಸಡಿಲುತ್ತದೆ, ರಕ್ತ ಗಾಳಿಯಾಡದ ಭಾಗಕ್ಕೆ ಹರಿಯುತ್ತದೆ, ಇಂಗಾಲದ ಡೈಆಕ್ಸೈಡ್ ಇನ್ನೂ ಏರುತ್ತದೆ. ಉಸಿರಾಡುವ ಪ್ರೇರಣೆಯೂ ಸ್ವಲ್ಪ ಕುಗ್ಗುತ್ತದೆ. ಆಗ ರೋಗಿಗೆ ನಿದ್ದೆ ಬರುತ್ತದೆ. ರಾತ್ರಿಯಿಡೀ ಒದ್ದಾಡಿದ ಅಜ್ಜ ಬೆಳಗಿನ ಜಾವ ಕಣ್ಣು ಮುಚ್ಚಿದರೆ ಮನೆಯವರು "ಈಗ ಆರಾಮ ಮಲಗ್ಯಾರ" ಎಂದು ದೀಪ ಆರಿಸುತ್ತಾರೆ. ಆಕ್ಸಿಮೀಟರ್ 99 ತೋರಿಸುತ್ತಿರುತ್ತದೆ. ಎಲ್ಲರಿಗೂ ನೆಮ್ಮದಿ. ಆದರೆ ಎಬ್ಬಿಸಿದರೆ ಎಚ್ಚರಾಗದ ನಿದ್ದೆ, ತಲೆನೋವು, ಕೈ ಪಟಪಟ ನಡುಗುವುದು, ತಬ್ಬಿಬ್ಬಾಗಿ ಮಾತಾಡುವುದು ಇವೆಲ್ಲ ವಿಷಮಿಸುತ್ತಿರುವ ಗುರುತು.

ಅದಕ್ಕೇ ಇಂಥವರಲ್ಲಿ ಆಮ್ಲಜನಕದ ಗುರಿ 88ರಿಂದ 92. ಅಂಕಿ 90 ಇದ್ದರೆ ಗಾಬರಿಯಾಗಿ ಪೈಪಿನ ತಿರುಪು ತಿರುಗಿಸಬೇಡಿ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲೇ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಜೋರಾಗಿ ಆಮ್ಲಜನಕ ಕೊಟ್ಟವರಲ್ಲಿ ಶೇ 9 ಜನ ಸತ್ತರು, 88ರಿಂದ 92ಕ್ಕೆ ಹಿಡಿದು ಕೊಟ್ಟವರಲ್ಲಿ ಶೇ 4. ಇಷ್ಟು ಸಣ್ಣ ಎಚ್ಚರಿಕೆಗೆ ಇಷ್ಟು ದೊಡ್ಡ ವ್ಯತ್ಯಾಸ.

ನೆಬುಲೈಸರನ್ನೂ ಇಂಥವರಿಗೆ ಗಾಳಿಯ ಮಷೀನಿನಿಂದಲೇ ಕೊಡುವುದು ಒಳ್ಳೆಯದು. ಅಗತ್ಯ ಇದ್ದರೆ ಅದೇ ಹೊತ್ತಿಗೆ ಮೂಗಿನ ಸಣ್ಣ ಪೈಪಿನಿಂದ ಸ್ವಲ್ಪ ಆಮ್ಲಜನಕ ಕೊಡಬಹುದು. ಆಮ್ಲಜನಕದ ಪೈಪು ಬಿಟ್ಟು ಬೇರೇನೂ ಇಲ್ಲದಿದ್ದರೆ ಆರು ನಿಮಿಷಕ್ಕೆ ನಿಲ್ಲಿಸಬೇಕು. ಔಷಧದ ಹೆಚ್ಚಿನ ಪಾಲು ಅಷ್ಟರಲ್ಲಿ ಒಳಗೆ ಹೋಗಿರುತ್ತದೆ. ಔಷಧ ಮುಗಿದ ಮೇಲೂ ಮಾಸ್ಕ್ ಹಾಗೇ ಬಿಟ್ಟು ಆಮ್ಲಜನಕ ಹರಿಯುತ್ತಿರುವುದು ವಾರ್ಡುಗಳಲ್ಲಿ ಬಹಳ ಕಾಣುವ ದೃಶ್ಯ. ಮುಗಿದ ತಕ್ಷಣ ಸಿಸ್ಟರಿಗೆ ಹೇಳುವ ಕೆಲಸ ಪಕ್ಕದಲ್ಲಿ ಕೂತವರು ಖಂಡಿತ ಮಾಡಬಹುದು.

ಜಾಸ್ತಿಯಾದರೆ

ಕೈನಡುಕ, ಎದೆ ಡಬಡಬ ಎನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೆ ನಡೆಯುವುದು ರಕ್ತದಲ್ಲಿ. ಸಾಲ್ಬ್ಯುಟಮಾಲ್ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶದೊಳಗೆ ತಳ್ಳುತ್ತದೆ. ಸ್ಟೆರಾಯ್ಡ್, ಮೂತ್ರದ ಇಂಜೆಕ್ಷನ್ ಕೂಡ ಪೊಟ್ಯಾಸಿಯಂ ಇಳಿಸುತ್ತವೆ. ಮೂರೂ ಸೇರಿದರೆ ಹೃದಯದ ತಾಳ ತಪ್ಪಬಹುದು. ಸಕ್ಕರೆಯೂ ಏರುತ್ತದೆ, ಮಧುಮೇಹ ಇರುವವರಲ್ಲಿ ನೋಡುತ್ತಲೇ ಇರಬೇಕು.

ಇನ್ನೊಂದು ಬಲೆ ಇದೆ. ಡೋಸ್ ಬಹಳವಾದರೆ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಆಮ್ಲ ಏರುತ್ತದೆ. ಅದನ್ನು ಸರಿದೂಗಿಸಲು ದೇಹ ವೇಗವಾಗಿ ಉಸಿರಾಡುತ್ತದೆ. ಎದೆಯ ಸುಂಯ್ ಸದ್ದು ಕಡಿಮೆಯಾಗಿರುತ್ತದೆ, ಆದರೆ ದಮ್ಮು ನಿಂತಿಲ್ಲ. ಅದನ್ನು ಕಂಡು ಮತ್ತೊಂದು ನೆಬುಲೈಸರ್ ಕೊಟ್ಟರೆ ಆಮ್ಲ ಇನ್ನೂ ಏರುತ್ತದೆ. ಕೊಟ್ಟಷ್ಟೂ ದಮ್ಮು ಹೆಚ್ಚುತ್ತಿದ್ದರೆ ಈ ಅನುಮಾನ ಬರಬೇಕು.

ಇಪ್ರಾಟ್ರೋಪಿಯಂ ಬಾಯಿ ಒಣಗಿಸುತ್ತದೆ. ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಿಸಬಹುದು. ಮಾಸ್ಕ್ ಸಡಿಲವಾಗಿ ಮಂಜು ಕಣ್ಣಿಗೆ ಹೋದರೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ಒಂದು ಬಗೆ ಇರುವವರಲ್ಲಿ ಕಣ್ಣಿನ ಒತ್ತಡ ಥಟ್ಟನೆ ಏರುತ್ತದೆ. ಅಂಥವರಿಗೆ ಬಾಯಲ್ಲಿ ಇಟ್ಟುಕೊಳ್ಳುವ ಕೊಳವೆಯೇ ಸರಿ. ಮನೆಯಲ್ಲಿ ಟಿಯೋಟ್ರೋಪಿಯಂ ಸೇದುವವರಿಗೆ ವಾರ್ಡಿನಲ್ಲಿ ಇಪ್ರಾಟ್ರೋಪಿಯಂ ಕೂಡ ಕೊಟ್ಟರೆ ಒಂದೇ ಗುಂಪಿನ ಔಷಧ ಎರಡಾಗುತ್ತದೆ. ಮನೆಯ ಪಂಪು, ಕಣ್ಣಿನ ಹನಿ, ಬಿಪಿ ಗುಳಿಗೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ದವಾಖಾನೆಗೆ ಬನ್ನಿ ಎಂದು ಹೇಳುವುದು ಇದಕ್ಕೇ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ, ಪ್ರೊಪ್ರನಲಾಲ್ ಗುಳಿಗೆ ಇವು ಶ್ವಾಸನಾಳವನ್ನು ಬಿಗಿಯುತ್ತವೆ, ಸಾಲ್ಬ್ಯುಟಮಾಲ್‌ಗೆ ಅಡ್ಡ ನಿಲ್ಲುತ್ತವೆ. ಕಣ್ಣಿನ ಹನಿಯಿಂದ ಗೂರಲು ಕೆರಳುತ್ತದೆ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಆದರೆ ಅದು ನಿಜ.

ಈಗ ಡೆರಿಫಿಲಿನ್. ಎಟೊಫಿಲಿನ್ ಮತ್ತು ಥಿಯೊಫಿಲಿನ್ ಸೇರಿದ ಈ ಇಂಜೆಕ್ಷನ್ ಮೇಲೆ ನಮ್ಮ ಜನಕ್ಕೆ ಅಪಾರ ವಿಶ್ವಾಸ. ಸೂಜಿ ಚುಚ್ಚಿದರೇನೇ ಚಿಕಿತ್ಸೆ ಎಂಬ ಭಾವನೆಯೂ ಅದಕ್ಕೆ ಕಾರಣ ಇರಬಹುದು. ಥಿಯೊಫಿಲಿನ್ ಗುಂಪಿನ ತೊಂದರೆ ಏನೆಂದರೆ ಉಪಯೋಗದ ಡೋಸಿಗೂ ವಿಷದ ಡೋಸಿಗೂ ಅಂತರ ಬಹಳ ಕಡಿಮೆ. ರಕ್ತದ ಮಟ್ಟ ಸ್ವಲ್ಪ ಮೀರಿದರೆ ವಾಂತಿ, ಎದೆಬಡಿತ, ಇನ್ನೂ ಮೀರಿದರೆ ಫಿಟ್ಸ್. ರಕ್ತನಾಳಕ್ಕೆ ಬೇಗ ತಳ್ಳಿದರೆ ಹೃದಯದ ತಾಳ ಕೆಡುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್ ಅದರ ಮಟ್ಟವನ್ನು ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇಳಿಸುತ್ತದೆ. ಬೀಡಿಯ ಹೊಗೆಯೂ ಇಳಿಸುತ್ತದೆ. ಹಾಗಾಗಿ ದಿನವೂ ಬೀಡಿ ಸೇದುತ್ತಿದ್ದವರು ವಾರ್ಡಿನಲ್ಲಿ ಬೀಡಿ ಬಿಟ್ಟ ಕೆಲವು ದಿನಗಳಲ್ಲಿ ಅದೇ ಡೋಸಿಗೆ ಮಟ್ಟ ಏರುತ್ತ ಹೋಗುತ್ತದೆ. ಅಸ್ತಮಾಕ್ಕೂ ಸಿಒಪಿಡಿಗೂ ಜೋರಾದ ದಮ್ಮಿನಲ್ಲಿ ಈ ಇಂಜೆಕ್ಷನ್ನನ್ನು ಇವತ್ತಿನ ಜಾಗತಿಕ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಮಂಜಿನಲ್ಲಿ ಕೊಟ್ಟ ಸಾಲ್ಬ್ಯುಟಮಾಲ್ ಅದಕ್ಕಿಂತ ಚೆನ್ನಾಗಿ, ಕಡಿಮೆ ಅಪಾಯದಲ್ಲಿ ಕೆಲಸ ಮಾಡುತ್ತದೆ. "ಸಾಹೇಬ್ರ, ಒಂದು ಡೆರಿಫಿಲಿನ್ ಹಾಕ್ರಿ" ಎಂದು ಒತ್ತಾಯ ಮಾಡುವುದನ್ನು ನಾವು ಬಿಡಬೇಕು.

ಸಾಲ್ಬ್ಯುಟಮಾಲ್ ಗುಳಿಗೆ, ಸಿರಪ್ಪಿನ ಬಗ್ಗೆಯೂ ಒಂದು ಮಾತು. ಹೊಟ್ಟೆಗೆ ಹೋದ ಔಷಧ ಮೈಯೆಲ್ಲ ಸುತ್ತಿ ಶ್ವಾಸನಾಳಕ್ಕೆ ಬರಬೇಕು. ಕೆಲಸ ನಿಧಾನ, ನಡುಕ ಜಾಸ್ತಿ. ಎದೆಗೆ ನೇರವಾಗಿ ಕೊಡುವ ದಾರಿ ಇರುವಾಗ ಅದು ಬೇಕಿಲ್ಲ.

ಮಷೀನು ದೊಡ್ಡದಾ, ಪಂಪು ದೊಡ್ಡದಾ

ಪಂಪಿಗೆ ಸ್ಪೇಸರ್ ಹಚ್ಚಿ ಸರಿಯಾಗಿ ಕೊಟ್ಟರೆ, ಪ್ರಾಣಾಪಾಯದ ಮಟ್ಟಕ್ಕೆ ಹೋಗದ ಅಸ್ತಮಾದಲ್ಲಿ ಅದು ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇದು. ಮಕ್ಕಳಲ್ಲಿ ಎದೆಬಡಿತವೂ ಕಡಿಮೆ, ತುರ್ತು ವಿಭಾಗದಲ್ಲಿ ಕಳೆಯುವ ಸಮಯವೂ ಕಡಿಮೆ. ಪಂಪು ಕೊಟ್ಟರೆ "ಮಷೀನ್ ಹಚ್ಚಲೇ ಇಲ್ಲ" ಎಂದು ಬೇಜಾರಾಗಬೇಡಿ. ತೀರಾ ಸುಸ್ತಾದವರಿಗೆ, ಹೇಳಿದಂತೆ ಉಸಿರು ಎಳೆಯಲಾಗದವರಿಗೆ ಮಷೀನೇ ಬೇಕು.

ಪಂಪಿಗೆ ಇನ್ನೊಂದು ಲಾಭ ಇದೆ. ನೆಬುಲೈಸರ್ ಹಾಕಿಕೊಂಡವರು ಕೆಮ್ಮುತ್ತಲೇ ಇರುತ್ತಾರೆ. ಕಫದ ಪರೀಕ್ಷೆ ಇನ್ನೂ ಆಗದ, ಟಿಬಿಯ ಅನುಮಾನ ಇರುವ ರೋಗಿಗೆ ತುಂಬಿದ ವಾರ್ಡಿನ ನಡುವೆ ಮಷೀನ್ ಹಚ್ಚಿದರೆ ಸುತ್ತಲಿನವರಿಗೆಲ್ಲ ಅಪಾಯ. ಅಲ್ಲಿ ಸ್ಪೇಸರ್ ಮೇಲು. ಮಾಸ್ಕ್ ಮತ್ತು ಔಷಧದ ಬಟ್ಟಲು ಒಬ್ಬರದ್ದು ಇನ್ನೊಬ್ಬರಿಗೆ ಹೋಗಬಾರದು. ಪ್ರತಿ ಸಲ ತೊಳೆದು ಒಣಗಿಸಬೇಕು. ಔಷಧಕ್ಕೆ ಬೆರೆಸುವುದು ಸಲೈನ್ ಮಾತ್ರ. ನಳದ ನೀರು, ಬರೀ ನೀರು ಹಾಕಿದರೆ ನಾಳ ಇನ್ನೂ ಬಿಗಿಯಬಹುದು. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿರಬೇಕು, ರೋಗಿ ಎದ್ದು ಕೂತಿರಬೇಕು. ಕೂಸು ಅಳುವಾಗ ದೂರದಿಂದ ಮಂಜು ಬೀಸಿದರೆ ಔಷಧ ಗಾಳಿಗೆ ಹೋಗುತ್ತದೆ, ಎದೆಗೆ ಹೋಗುವುದು ಅಷ್ಟಕ್ಕಷ್ಟೆ.

ಮನೆಗೆ ಹೋಗುವ ಮೊದಲು

ಸುಧಾರಿಸುತ್ತಿದ್ದಂತೆ ನೆಬುಲೈಸರಿನ ಅಂತರ ಹೆಚ್ಚಿಸುತ್ತ, ಪಂಪಿಗೆ ಇಳಿಸಬೇಕು. ಮನೆಯಲ್ಲಿ ಸೇದಬೇಕಾದ ಪಂಪನ್ನೇ ವಾರ್ಡಿನಲ್ಲಿ ಒಂದು ದಿನವಾದರೂ ಸೇದಿ ನೋಡಿರಬೇಕು ಎಂಬುದು ನನ್ನ ಆಗ್ರಹ. ಡಿಸ್‌ಚಾರ್ಜ್ ದಿನದ ಗಡಿಬಿಡಿಯಲ್ಲಿ, ಬಸ್ಸಿನ ಚಿಂತೆಯಲ್ಲಿ ಕಲಿತದ್ದು ತಲೆಗೆ ಹೋಗುವುದಿಲ್ಲ.

ಒತ್ತುವ ಪಂಪನ್ನು ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವ ತನಕ ಹಿಡಿಯಬೇಕು. ಕ್ಯಾಪ್ಸೂಲ್ ಹಾಕಿ ಸೇದುವ ಸಾಧನದಲ್ಲಿ ಇದಕ್ಕೆ ತದ್ವಿರುದ್ಧ: ಜೋರಾಗಿ, ರಭಸದಿಂದ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರೂ ಇದ್ದಾರೆ. ಅವರದ್ದೇನೂ ತಪ್ಪಿಲ್ಲ, ಯಾರೂ ತೋರಿಸಿಕೊಟ್ಟಿರುವುದಿಲ್ಲ. ಸ್ಟೆರಾಯ್ಡ್ ಇರುವ ಪಂಪು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

"ಪಂಪು ಹಚ್ಚಿದರೆ ಚಟ ಆಗ್ತದ" ಎಂಬ ಭಯಕ್ಕೆ ಉತ್ತರ ಸರಳ. ಪಂಪಿನ ಒಂದು ಪಫ್‌ನಲ್ಲಿ ಸಾಲ್ಬ್ಯುಟಮಾಲ್ 100 ಮೈಕ್ರೋಗ್ರಾಂ, ಗುಳಿಗೆಯಲ್ಲಿ ಅದರ ಹತ್ತಾರು ಪಟ್ಟು. ಅದು ಚಟ ಹಿಡಿಸುವ ವಸ್ತುವೂ ಅಲ್ಲ. ಭಯಪಡಬೇಕಾದದ್ದು ಬೇರೆ. ಅಸ್ತಮಾ ಇರುವವರು ಸ್ಟೆರಾಯ್ಡ್ ಪಂಪು ಬಿಟ್ಟು ಬರೀ ಸಾಲ್ಬ್ಯುಟಮಾಲ್ ಮೇಲೆ ದಿನ ತಳ್ಳುವುದು ಅಪಾಯ. 1976ರಲ್ಲಿ ನ್ಯೂಜಿಲೆಂಡಿಗೆ ಇದೇ ಗುಂಪಿನ ಫೆನೊಟೆರಾಲ್ ಪಂಪು ಬಂದ ಬೆನ್ನಲ್ಲೇ ಅಸ್ತಮಾ ಸಾವು ಏರಿತು, 1990ರಲ್ಲಿ ಅದಕ್ಕೆ ಕಡಿವಾಣ ಬಿದ್ದ ಮೇಲೆ ಇಳಿಯಿತು. 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿ ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬ್ಯುಟಮಾಲ್ ಚಿಕಿತ್ಸೆಯನ್ನು ಕೈಬಿಟ್ಟಿದೆ. ಊತ ಇಳಿಸುವ ಸ್ಟೆರಾಯ್ಡ್ ಪಂಪು ಜೊತೆಗೆ ಇರಲೇಬೇಕು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಪಂಪು, ಸಾಲ್ಬ್ಯುಟಮಾಲ್, ಟಿಯೋಟ್ರೋಪಿಯಂ ಇವೆಲ್ಲ ದೇಶದ 2022ರ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸರ್ಕಾರಿ ದವಾಖಾನೆಯಲ್ಲೂ ಜನೌಷಧಿ ಅಂಗಡಿಯಲ್ಲೂ ಮೊದಲು ಕೇಳಿ ನೋಡಿ. ದುಡ್ಡಿಲ್ಲ ಎಂದು ಅರ್ಧಕ್ಕೆ ಬಿಡುವುದಾದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ, ಕಡಿಮೆ ಬೆಲೆಯದ್ದು ಬರೆದುಕೊಡಬಹುದು.

ಡಿಸ್‌ಚಾರ್ಜ್ ಚೀಟಿಯಲ್ಲಿ ಯಾವ ಪಂಪು ದಿನಾ, ಯಾವುದು ದಮ್ ಹತ್ತಿದಾಗ ಮಾತ್ರ ಎಂದು ಕನ್ನಡದಲ್ಲೇ ಬರೆಸಿಕೊಳ್ಳಿ. ಒಂದರಿಂದ ನಾಲ್ಕು ವಾರದೊಳಗೆ ಮತ್ತೆ ತೋರಿಸಿ, ಆಗ ಪಂಪನ್ನೂ ತನ್ನಿ, ಸೇದಿ ತೋರಿಸಿ. ಆ ದಿನ ಬರುವ ಮೊದಲೇ ದಮ್ಮಿನ ಪಂಪು ನಾಲ್ಕು ತಾಸು ಕೂಡ ತಾಳದೆ ಮತ್ತೆ ಮತ್ತೆ ಬೇಕಾಗುತ್ತಿದ್ದರೆ, ರಾತ್ರಿಯಾದರೂ ಸರಿ, ಹೊರಟು ಬನ್ನಿ.